ಭಯಾನಕ ಚಲಚ್ಚಿತ್ರಗಳಲ್ಲಿ ಇತಿವೃತ್ತ ವಿಚಾರ

ಇತಿವೃತ್ತವು ನಾಟ್ಯದ ಶರೀರವೆಂದು ಭರತಮುನಿಯ ಮತ. ಅವನು ಈ ಶರೀರಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣಗಳೆಂಬ ಐದು ಸಂಧಿಗಳನ್ನು ಹೇಳಿ, ಅವುಗಳನ್ನು ನಾಯಕನ ಫಲಪ್ರಾಪ್ತಿಯಲ್ಲಿ ಮುಗಿಸಿರುವನು. ರಷ್ಯಾ ದೇಶದ ವಿದ್ವಾಂಸನಾದ ವ್ಲಾದಿಮಿರ್ ಪ್ರಾಪನು 1928ರಲ್ಲಿ ತನ್ನ ನಾಡಿನ ಅದ್ಭುತಕಥೆಗಳನ್ನು ಪರಿಶೋಧಿಸಿ, ಅವುಗಳಲ್ಲಿ 31 ಕ್ರಿಯೆಗಳು ನಿಯತಕ್ರಮದಲ್ಲಿ ಬರುವುವೆಂದು ತೋರಿಸಿದನು. ಕೊನೆಯ ಕ್ರಿಯೆಯು ನಾಯಕನ ವಿವಾಹ. ಎರಡು ಮತಗಳಲ್ಲಿಯೂ ಕಥೆಯು ಫಲಾಭಿಮುಖವಾದುದು. ಹೀಗಿರಲು, ಭೀತಿಯೇ ಪ್ರಯೋಜನವಾಗಿರುವ ಚಲಚ್ಚಿತ್ರಗಳಿಗೆ ಈ ಲಕ್ಷಣಗಳು ಎಷ್ಟರಮಟ್ಟಿಗೆ ಸಲ್ಲುವುವೆಂಬುದು ವಿಚಾರಣೀಯವಾಗಿದೆ.

ಜರ್ಮನಿಯ ಮುರ್ನೌ ಎಂಬ ನಿರ್ದೇಶಕನ 'ನೊಸ್ಫೆರಾಟು' ಮೂಕಚಿತ್ರವು 1922ರದು. ಇದು ಬ್ರಾಮ್ ಸ್ಟೋಕರನ 'ಡ್ರಾಕುಲ' (1897) ಕಾದಂಬರಿಯನ್ನು ಅನುಮತಿಯಿಲ್ಲದೆ ಅನುಸರಿಸಿದುದು. ಹುಟ್ಟರನೆಂಬ ತರುಣನು ಮನೆಯೊಂದರ ಮಾರಾಟಕ್ಕಾಗಿ ಓರ್ಲಾಕ್ ಪ್ರಭುವಿನ ಕೋಟೆಗೆ ಹೊರಡುವನು. ದಾರಿಯ ಜನರ ಎಚ್ಚರಿಕೆಯನ್ನು ಲೆಕ್ಕಿಸನು. ಆ ಪ್ರಭುವು ರಕ್ತಪಾನ ಮಾಡುವ ಪಿಶಾಚ. ಅವನು ಹಡಗನ್ನೇರಿ ಹುಟ್ಟರನ ಊರಿಗೇ ಬರುವನು. ಪ್ರಾಪನು ಹೇಳಿದ ನಿಷೇಧ, ಉಲ್ಲಂಘನ, ಅಪಕಾರಗಳು ಇಲ್ಲಿಯವರೆಗೆ ಸರಿಯಾಗಿಯೇ ಬಂದಿವೆ. ಆದರೆ ಪಿಶಾಚವನ್ನು ಗೆದ್ದವನು ಹುಟ್ಟರನಲ್ಲ. ಅವನ ಪತ್ನಿ ಎಲ್ಲೆನ್. ಆಕೆ ಸೂರ್ಯೋದಯದವರೆಗೆ ಪಿಶಾಚವನ್ನು ತನ್ನ ಬಳಿ ತಡೆದು, ಅದನ್ನು ನಾಶಗೊಳಿಸಿ ತಾನೂ ಮೃತಳಾಗುವಳು. ಊರು ಉಳಿಯಿತು, ದಾಂಪತ್ಯವು ಅಳಿಯಿತು. ವಿವಾಹದಲ್ಲಿ ಮುಗಿಯಬೇಕಾದ ಕ್ರಮವು ಇಲ್ಲಿ ತಲೆಕೆಳಗಾಗಿದೆ.

ಅಮೆರಿಕದ ತತ್ತ್ವಜ್ಞ ನೋಯಲ್ ಕ್ಯಾರೊಲನು 1990ರಲ್ಲಿ ಭಯಾನಕ ಕಥೆಗಳ ಒಂದು ಮುಖ್ಯ ಪ್ರಭೇದಕ್ಕೆ ಆಗಮನ, ಶೋಧ, ದೃಢೀಕರಣ, ಸಂಘರ್ಷಗಳೆಂಬ ನಾಲ್ಕು ಅಂಗಗಳನ್ನು ನಿರೂಪಿಸಿದನು. ಇವುಗಳಲ್ಲಿ ನಡುವಣ ಎರಡು ಕೇವಲ ಜ್ಞಾನಕ್ಕೆ ಸಂಬಂಧಪಟ್ಟವು. ಊರಿನವರು ಮರಣಗಳನ್ನು ಪ್ಲೇಗಿನವೆಂದು ಭಾವಿಸುತ್ತಿರುವಾಗ, ಎಲ್ಲೆನ್ ಪತಿಯು ಬೇಡವೆಂದ ಗ್ರಂಥವನ್ನು ಓದಿ ನಿಜವನ್ನರಿಯುವಳು. ಪ್ರೇಕ್ಷಕನಾದರೋ ಮೊದಲೇ ಬಲ್ಲನು; ಬಲ್ಲವನಾದುದರಿಂದಲೇ ನಡುಗುವನು.

ಹಿಚ್‌ಕಾಕನ 'ಸೈಕೊ' (1960) ಚಿತ್ರದಲ್ಲಿ ಇದು ಇನ್ನೂ ಸ್ಫುಟವಾಗಿದೆ. 40,000 ಡಾಲರುಗಳನ್ನು ಅಪಹರಿಸಿ ಓಡಿದ ಮೇರಿಯನ್ ಚಿತ್ರದ ಅರ್ಧಕ್ಕೆ ಮುಂಚೆಯೇ ಹತಳಾಗುವಳು. ಹಣವು ಕಾರಿನೊಡನೆ ಕೆಸರಿನಲ್ಲಿ ಮುಳುಗುವುದು. ನಾಯಿಕೆಯೂ ಇಲ್ಲ, ಫಲವೂ ಇಲ್ಲ. ಆದರೂ ಕಥೆಯು ನಿಲ್ಲದು. ಕೊಂದವಳು ನಾರ್ಮನನ ತಾಯಿಯೆಂದು ಪ್ರೇಕ್ಷಕನು ನಂಬಿರುವನು. ನೆಲಮಾಳಿಗೆಯಲ್ಲಿ ಆ ತಾಯಿಯ ಒಣಗಿದ ಶವವು ಕಂಡಾಗ ನಂಬಿಕೆಯು ಮುರಿಯುವುದು. ನಾರ್ಮನನು ಅಮಾನುಷನಲ್ಲವೆಂಬ ಕಾರಣದಿಂದ ಕ್ಯಾರೊಲನು ಈ ಚಿತ್ರವನ್ನು ತನ್ನ ಲಕ್ಷಣದಿಂದ ಹೊರಗಿಟ್ಟನು. ಪಾತ್ರದ ಜಾತಿಯನ್ನು ನೋಡಿದರೆ ಅದು ಯುಕ್ತ. ಇತಿವೃತ್ತವನ್ನು ನೋಡಿದರೆ ಅಯುಕ್ತ. ಶೋಧ, ದೃಢೀಕರಣ, ಸಂಘರ್ಷಗಳು ಇಲ್ಲಿಯೂ ಇರುವುವಷ್ಟೆ.

ಬೀಜವು ಕಾಣುವುದು, ಮರೆಯಾಗುವುದು, ಮತ್ತೆ ಅನ್ವೇಷಿಸಲ್ಪಡುವುದು ಗರ್ಭಸಂಧಿಯ ಲಕ್ಷಣ. ಭಯಾನಕ ಚಿತ್ರಗಳಲ್ಲಿ ಆ ಬೀಜವು ಇಷ್ಟಾರ್ಥವಲ್ಲ, ಅನಿಷ್ಟದ ಅರಿವು. ಹೀಗೆ ಗ್ರಹಿಸಿದಲ್ಲಿ ಪ್ರಾಚೀನ ಲಕ್ಷಣವು ಈ ನೂತನ ಲಕ್ಷ್ಯಕ್ಕೂ ಸಲ್ಲುವುದು. ಕ್ರಿಯೆಗಳನ್ನು ಮಾತ್ರ ಎಣಿಸಿದಲ್ಲಿ ಸಲ್ಲದು.