ಮೊಣಕಾಲಿನ ಅಸ್ಥಿಸಂಧಿವಾತ ಮತ್ತು ಭೌತಚಿಕಿತ್ಸೆ

ಭೌತಚಿಕಿತ್ಸೆ ಅಥವಾ ಫಿಸಿಯೋಥೆರಪಿಯು ವ್ಯಾಯಾಮ, ಚಲನೆಯ ತರಬೇತಿ ಮತ್ತು ತಿಳಿವಳಿಕೆಯ ಮೂಲಕ ದೇಹದ ಚಲನಶಕ್ತಿಯನ್ನು ಉಳಿಸುವ ಹಾಗೂ ಮರಳಿ ಗಳಿಸಿಕೊಡುವ ಚಿಕಿತ್ಸಾ ಪದ್ಧತಿಯಾಗಿದೆ. ಮಧ್ಯವಯಸ್ಸು ದಾಟಿದವರಲ್ಲಿ ಸಾಮಾನ್ಯವಾಗಿರುವ ಮೊಣಕಾಲಿನ ಅಸ್ಥಿಸಂಧಿವಾತದಲ್ಲಿ ನೋವನ್ನು ಹತೋಟಿಯಲ್ಲಿಡಲು ಇದು ಪ್ರಮುಖ ಚಿಕಿತ್ಸೆ. ವೃದ್ಧರು ಬಿದ್ದು ಗಾಯಗೊಳ್ಳುವುದನ್ನು ತಡೆಯಲೂ ಇದು ನೆರವಾಗುತ್ತದೆ.

ನೋವಿನ ಸ್ವರೂಪ

ಈ ರೋಗವನ್ನು ಆಡುಮಾತಿನಲ್ಲಿ ‘ಮಂಡಿ ಸವೆತ’ ಎನ್ನುವುದುಂಟು. ಆದರೆ ಕೀಲು ಯಂತ್ರದ ಬಿಡಿಭಾಗದಂತೆ ಬಳಸಿದಷ್ಟೂ ಸವೆಯುವ ವಸ್ತುವಲ್ಲ. ಮೂಳೆಯ ತುದಿಯನ್ನು ಹೊದಿಸಿರುವ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಅದಕ್ಕೆ ಪೋಷಕಾಂಶಗಳು ಮುಖ್ಯವಾಗಿ ಕೀಲಿನೊಳಗಿನ ದ್ರವದಿಂದ ದೊರೆಯುತ್ತವೆ. ನಡೆಯುವಾಗ ಕೀಲಿನ ಮೇಲೆ ಭಾರ ಬಿದ್ದು ಇಳಿಯುವುದರಿಂದ ಈ ದ್ರವದ ಸಂಚಾರ ಸುಗಮವಾಗುತ್ತದೆ. ಎಕ್ಸ್-ರೇಯಲ್ಲಿ ಕಾಣುವ ಬದಲಾವಣೆಗೂ ರೋಗಿಯ ನೋವಿಗೂ ಯಾವಾಗಲೂ ಹೊಂದಾಣಿಕೆ ಇರುವುದಿಲ್ಲ. ನೋವಿಗೆ ಹೆದರಿ ನಡಿಗೆಯನ್ನು ಬಿಟ್ಟವರಲ್ಲಿ ತೊಡೆಯ ಸ್ನಾಯುಗಳು ಕೃಶವಾಗಿ, ಕೀಲಿನ ಆಧಾರ ಕುಗ್ಗಿ, ನೋವು ಇನ್ನಷ್ಟು ಹೆಚ್ಚಬಹುದು.

ಚಿಕಿತ್ಸಾ ಕ್ರಮ

ತೊಡೆಯ ಮುಂಭಾಗದ ಹಾಗೂ ಸೊಂಟದ ಸ್ನಾಯುಗಳನ್ನು ಬಲಪಡಿಸುವುದು ಚಿಕಿತ್ಸೆಯ ತಿರುಳು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ತಗ್ಗಾದ ಮೆಟ್ಟಿಲನ್ನು ಹತ್ತಿ ಇಳಿಯುವುದು, ಮಲಗಿ ಕಾಲನ್ನು ನೇರವಾಗಿ ಎತ್ತುವುದು ಸಾಮಾನ್ಯ ವ್ಯಾಯಾಮಗಳು. ಇವುಗಳ ಪ್ರಮಾಣವನ್ನು ಹಂತಹಂತವಾಗಿ ಏರಿಸಲಾಗುತ್ತದೆ. ಆರಂಭದಲ್ಲಿ ಅಲ್ಪ ನೋವು ಸಹಜ. ಅದು ಮರುದಿನವೂ ಇಳಿಯದಿದ್ದರೆ ಪ್ರಮಾಣವನ್ನು ತಗ್ಗಿಸಬೇಕು. ಪರಿಣಾಮ ಕಾಣಲು ಕೆಲವು ವಾರಗಳ ನಿಯಮಿತ ಅಭ್ಯಾಸ ಬೇಕಾಗುತ್ತದೆ.

ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯು ಅಸ್ಥಿಸಂಧಿವಾತದ ಎಲ್ಲ ರೋಗಿಗಳಿಗೂ ಅವರವರಿಗೆ ತಕ್ಕ ವ್ಯಾಯಾಮವನ್ನು ಸೂಚಿಸುತ್ತದೆ. ಆದರೆ ಅಲ್ಟ್ರಾಸೌಂಡ್, ಟೆನ್ಸ್ ಮೊದಲಾದ ಯಂತ್ರಾಧಾರಿತ ಚಿಕಿತ್ಸೆಗಳನ್ನು ಅದು ಶಿಫಾರಸು ಮಾಡುವುದಿಲ್ಲ. ಡೆನ್ಮಾರ್ಕಿನಲ್ಲಿ 2013ರಲ್ಲಿ ಆರಂಭವಾದ ‘ಗ್ಲ್ಯಾಡ್’ ಕಾರ್ಯಕ್ರಮವು ರೋಗದ ತಿಳಿವಳಿಕೆಯನ್ನೂ ಮೇಲ್ವಿಚಾರಣೆಯ ವ್ಯಾಯಾಮವನ್ನೂ ಜೊತೆಗೂಡಿಸಿದೆ.

ದೇಹತೂಕದ ಇಳಿಕೆಯೂ ಸಹಾಯಕ. 1 ಕಿಲೋಗ್ರಾಂ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲಿನ ಭಾರ ಸುಮಾರು 4 ಕಿಲೋಗ್ರಾಂನಷ್ಟು ತಗ್ಗುತ್ತದೆ. ಊರುಗೋಲನ್ನು ನೋವಿರುವ ಕಾಲಿನ ವಿರುದ್ಧ ಬದಿಯ ಕೈಯಲ್ಲಿ ಹಿಡಿಯಬೇಕು. ಭಾರತದಲ್ಲಿ ಊಟಕ್ಕೂ ಪೂಜೆಗೂ ನೆಲದ ಮೇಲೆ ಕೂರುವ ರೂಢಿಯಿದೆ. ನೋವು ತೀವ್ರವಾಗಿರುವಾಗ ಎತ್ತರದ ಆಸನವನ್ನು ಬಳಸಿ, ಶಕ್ತಿ ಮರಳಿದಂತೆ ನೆಲದಿಂದ ಏಳುವುದನ್ನು ಅಭ್ಯಾಸ ಮಾಡಬಹುದು.

ಗಾಯಗಳ ತಡೆ

ದುರ್ಬಲ ಕಾಲು ಮತ್ತು ಕುಂದಿದ ಸಮತೋಲನ ವೃದ್ಧರು ಬೀಳಲು ಪ್ರಮುಖ ಕಾರಣಗಳು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಒಟಾಗೊ ವ್ಯಾಯಾಮ ಕಾರ್ಯಕ್ರಮ’ವು ಮನೆಯಲ್ಲೇ ಮಾಡುವ ಸ್ನಾಯುಬಲದ ಅಭ್ಯಾಸ, ಸಮತೋಲನದ ಅಭ್ಯಾಸ ಮತ್ತು ನಡಿಗೆಯನ್ನು ಒಳಗೊಂಡಿದೆ. ಇದು ಬೀಳುವಿಕೆಯನ್ನು ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗಿಸಿದುದು ಅಧ್ಯಯನಗಳಿಂದ ತಿಳಿದುಬಂದಿದೆ.

ಎಚ್ಚರಿಕೆಗಳು

ಜ್ವರದೊಡನೆ ಮೊಣಕಾಲು ಬಿಸಿಯಾಗಿ ಊದಿಕೊಂಡಾಗ, ಬಿದ್ದ ಬಳಿಕ ಕಾಲೂರಲು ಆಗದಿದ್ದಾಗ, ಮೀನಖಂಡ ಹಠಾತ್ತನೆ ಬಾತುಕೊಂಡಾಗ ವ್ಯಾಯಾಮವನ್ನು ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣುವುದು ಅಗತ್ಯ.