ಹೆಪಟೈಟಿಸ್ ಬಿ ಇರುವವರ ಕಾಮಾಲೆ: ದಿನ ಕಾಯಬಾರದ ಕಾಯಿಲೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕಣ್ಣು ಹಳದಿಯಾಯಿತೆಂದರೆ ಹಲವರಿಗೆ ಮೊದಲು ನೆನಪಾಗುವುದು ಕಿರುನೆಲ್ಲಿ. ಅರೆದು ಮಜ್ಜಿಗೆಯಲ್ಲಿ ಕದಡಿ ಕುಡಿದು, ಪಥ್ಯ ಮಾಡಿದರೆ ಕಾಮಾಲೆ ಇಳಿಯುತ್ತದೆಂಬ ನಂಬಿಕೆ. ಹೆಪಟೈಟಿಸ್ ಎ, ಇ ವೈರಸ್‌ಗಳ ಕಾಮಾಲೆ ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವುದರಿಂದ ಆ ನಂಬಿಕೆ ಗಟ್ಟಿಯಾಗಿ ಉಳಿದಿದೆ. ವರ್ಷಗಳಿಂದ ರಕ್ತದಲ್ಲಿ ಹೆಪಟೈಟಿಸ್ ಬಿ ಇಟ್ಟುಕೊಂಡವರಿಗೆ ಕಾಮಾಲೆ ಬಂದರೆ ಲೆಕ್ಕವೇ ಬೇರೆ.

ಮಲಗಿರುವ ವೈರಸ್

ತಾಯಿಯಿಂದ ಹೆರಿಗೆಯ ವೇಳೆ ಸೋಂಕು ತಗುಲಿದ ಶಿಶುಗಳಲ್ಲಿ ಸುಮಾರು ಶೇ. 90ರಷ್ಟು ಮಂದಿಯಲ್ಲಿ ಅದು ಬಾಳಪೂರ್ತಿ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ಹಾಗೆ ಉಳಿಯುವುದು ಶೇ. 5ಕ್ಕಿಂತ ಕಡಿಮೆ ಜನರಲ್ಲಿ. ವೈರಸ್ಸಿನ ಡಿಎನ್‌ಎ ಲಿವರ್ ಕೋಶದ ನ್ಯೂಕ್ಲಿಯಸ್‌ನಲ್ಲಿ ಮನೆ ಮಾಡಿಕೊಳ್ಳುತ್ತದೆ. ಅದನ್ನು ಅಲ್ಲಿಂದ ಪೂರ್ತಿ ಕಿತ್ತುಹಾಕುವ ಮಾತ್ರೆ ಇನ್ನೂ ಬಂದಿಲ್ಲ. ವ್ಯಕ್ತಿ ತೋಟದ ಕೆಲಸ ಮಾಡಿಕೊಂಡು ಆರಾಮಾಗಿರುತ್ತಾನೆ. ರಕ್ತದಾನಕ್ಕೋ ಶಸ್ತ್ರಚಿಕಿತ್ಸೆಗೋ ಹೋದಾಗ ‘ಎಚ್‌ಬಿಎಸ್‌ಎಜಿ ಪಾಸಿಟಿವ್’, ಅಂದರೆ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ ಎಂಬ ಚೀಟಿ ಕೈಗೆ ಬರುತ್ತದೆ.

ಯಾಕೆ ಕೆರಳುತ್ತದೆ

ಲಿವರನ್ನು ಸುಡುವುದು ಮುಖ್ಯವಾಗಿ ವೈರಸ್ಸಲ್ಲ, ಅದರ ಮೇಲೆ ಎರಗುವ ನಮ್ಮದೇ ರೋಗನಿರೋಧಕ ಪಡೆ. ವೈರಸ್ ಇರುವ ಕೋಶಗಳನ್ನು ಅದು ಸಾಮೂಹಿಕವಾಗಿ ಕೊಲ್ಲತೊಡಗಿದಾಗ ರಕ್ತಪರೀಕ್ಷೆಯಲ್ಲಿ ಲಿವರಿನ ಹಾನಿ ತೋರಿಸುವ ಎಸ್‌ಜಿಪಿಟಿ ನೂರಾರು, ಕೆಲವೊಮ್ಮೆ ಸಾವಿರ ದಾಟುತ್ತದೆ. ಇದು ಕಾರಣವಿಲ್ಲದೆಯೂ ಆಗಬಹುದು. ಆದರೆ ನಾವು ತಡೆಯಬಹುದಾದ ಕಾರಣಗಳೇ ನನ್ನನ್ನು ಹೆಚ್ಚು ಕಾಡುತ್ತವೆ.

ಮೊದಲನೆಯದು ಮಾತ್ರೆ ಬಿಡುವುದು. ಟೆನೊಫೋವಿರ್, ಎಂಟೆಕಾವಿರ್ ವೈರಸ್ಸನ್ನು ಅದುಮಿ ಹಿಡಿಯುತ್ತವೆ, ಅಳಿಸುವುದಿಲ್ಲ. ‘ರಿಪೋರ್ಟ್ ಸರಿಯಾಯಿತಲ್ಲ’ ಎಂದು ಮಾತ್ರೆ ನಿಲ್ಲಿಸಿದವರಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ಅದು ಮತ್ತೆ ಏಳುತ್ತದೆ. ಎರಡನೆಯದು ಬೇರೆ ಕಾಯಿಲೆಯ ಔಷಧಿ: ಸಂಧಿವಾತಕ್ಕೋ ಚರ್ಮರೋಗಕ್ಕೋ ದೀರ್ಘಕಾಲ ಕೊಡುವ ಸ್ಟೀರಾಯ್ಡ್, ಕ್ಯಾನ್ಸರಿನ ಕೀಮೊಥೆರಪಿ, ಎಲ್ಲಕ್ಕಿಂತ ಹೆಚ್ಚಾಗಿ ರಿಟುಕ್ಸಿಮ್ಯಾಬ್. ಇವನ್ನು ಶುರುಮಾಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಅಗತ್ಯವಿದ್ದವರಿಗೆ ವೈರಸ್ ತಡೆಯುವ ಮಾತ್ರೆಯನ್ನೂ ಜೊತೆಗೇ ಕೊಡುತ್ತಾರೆ.

ಮಲೆನಾಡಿನ ಮಳೆಗಾಲವೂ ಒಂದು ಕಾರಣವಾಗಬಹುದು. ಬಾವಿಗೆ, ಗುಡ್ಡದ ಒರತೆಯಿಂದ ಪೈಪಿನಲ್ಲಿ ಬರುವ ನೀರಿಗೆ ಕೊಳೆ ಸೇರಿದರೆ ಎ, ಇ ವೈರಸ್‌ಗಳು ಹರಡುತ್ತವೆ. ಮೊದಲೇ ಬಳಲಿದ ಲಿವರಿಗೆ ಇದು ಎರಡನೇ ಪೆಟ್ಟು. ನೀರನ್ನು ಚೆನ್ನಾಗಿ ಕುದಿಸಿ ಕುಡಿಯುವುದು, ಮದ್ಯ ಪೂರ್ತಿ ಬಿಡುವುದು ಇವರಿಗೆ ಔಷಧಿಯಷ್ಟೇ ಮುಖ್ಯ. ಹೆರಿಗೆಯಾದ ಮೊದಲ ತಿಂಗಳುಗಳಲ್ಲೂ ಕೆಲವು ತಾಯಂದಿರಲ್ಲಿ ಕಾಯಿಲೆ ಕೆರಳುತ್ತದೆ.

ಅಪಾಯದ ಗುರುತು

ಆಯಾಸ, ವಾಕರಿಕೆ, ಹಳದಿ ಮೂತ್ರ ಇವೆಲ್ಲ ಮಾಮೂಲಿ ಕಾಮಾಲೆಯಲ್ಲೂ ಉಂಟು. ಹೊಟ್ಟೆಯಲ್ಲಿ ನೀರು ತುಂಬುವುದು, ವಸಡಿನಲ್ಲಿ ರಕ್ತ, ಹಗಲೆಲ್ಲ ಮಂಪರು, ರಾತ್ರಿ ನಿದ್ದೆಯಿಲ್ಲದಿರುವುದು, ಮಾತು ಅಡ್ಡಾದಿಡ್ಡಿಯಾಗುವುದು ಲಿವರ್ ಸೋಲುತ್ತಿರುವುದರ ಸೂಚನೆ. ಬಿಲಿರುಬಿನ್ 5 ದಾಟಿ, ರಕ್ತ ಹೆಪ್ಪುಗಟ್ಟುವ ಪರೀಕ್ಷೆಯಾದ ಐಎನ್‌ಆರ್ 1.5 ಮುಟ್ಟಿದರೆ ಶಿವಮೊಗ್ಗಕ್ಕೋ ಆಗುಂಬೆ ಘಾಟಿಯಿಳಿದು ಮಣಿಪಾಲಕ್ಕೋ ಅಂದೇ ಹೊರಡಬೇಕು.

ಬೇಗ ಹೋದರೆ ಏನು ಲಾಭ? ದೆಹಲಿಯ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಉಲ್ಬಣಗೊಂಡು ಲಿವರ್ ಸೋತ 27 ಮಂದಿ ಇದ್ದರು. ಟೆನೊಫೋವಿರ್ ಪಡೆದ 14 ಜನರಲ್ಲಿ 8 ಮಂದಿ ಮೂರು ತಿಂಗಳ ನಂತರವೂ ಬದುಕಿದ್ದರು, ಪಡೆಯದ 13 ಜನರಲ್ಲಿ ಇಬ್ಬರೇ. ಸಣ್ಣ ಅಧ್ಯಯನ ನಿಜ, ಆದರೆ ಅಂತರ ಸಣ್ಣದಲ್ಲ.

ಕಿರುನೆಲ್ಲಿಯ ಪರೀಕ್ಷೆ

ಕಿರುನೆಲ್ಲಿಯನ್ನು ವಿಜ್ಞಾನ ಕಡೆಗಣಿಸಿಲ್ಲ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ ಪ್ರಕಾರ, ಅದನ್ನು 30 ದಿನ ಸೇವಿಸಿದ 37 ಹೆಪಟೈಟಿಸ್ ಬಿ ವಾಹಕರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಈ ವೈರಸ್ಸನ್ನು ಪತ್ತೆಹಚ್ಚಿ 1976ರ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಕೂಡ ಆ ತಂಡದಲ್ಲಿದ್ದರು. ಆದರೆ ಬೇರೆಡೆ ನಡೆದ ನಂತರದ ಪರೀಕ್ಷೆಗಳಲ್ಲಿ ಆ ಫಲ ಮರಳಿ ಸಿಗಲಿಲ್ಲ. ಉಲ್ಬಣದ ಹೊತ್ತಿನಲ್ಲಿ ಅದನ್ನೇ ನೆಚ್ಚಿ ಹತ್ತು ದಿನ ಕಳೆದರೆ ಆ ಹತ್ತು ದಿನ ಮರಳಿ ಬಾರದು.

ಮನೆಯವರಿಗೆ

ಒಟ್ಟಿಗೆ ಉಂಡರೆ, ಒಂದೇ ಲೋಟ ಬಳಸಿದರೆ ಇದು ಅಂಟುವುದಿಲ್ಲ. ತಟ್ಟೆ ಬೇರೆ ಇಡಬೇಡಿ. ರಕ್ತ, ಲೈಂಗಿಕ ಸಂಪರ್ಕ, ಹೆರಿಗೆ, ಹಂಚಿಕೊಂಡ ಬ್ಲೇಡು, ಸೂಜಿ ಇವೇ ದಾರಿ. ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರು ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದಿದ್ದರೆ ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಬೇಕು. ನವಜಾತ ಶಿಶುವಿಗೆ 24 ಗಂಟೆಯೊಳಗೆ ಮೊದಲ ಡೋಸ್. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಎಲ್ಲಿ ಸಿಗುತ್ತದೆಂದು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು.