ಬೀಗ ಬಿದ್ದ ಆಟ, ಮತ್ತೆ ತೆರೆದ ಅಂಗಳ

ಬೈಲಹೊಂಗಲ, ಸವದತ್ತಿ ಕಡೆಯ ಹಳ್ಳಿಗಳಲ್ಲಿ ಗುಡಿಯ ಕಟ್ಟೆಯ ಮೇಲೆ ಮನೆ ಗೀಚಿ, ಕವಡೆ ಇಲ್ಲವೇ ಸೀಳಿದ ಹುಣಸೆ ಬೀಜ ಎಸೆದು ಚೌಕಾಬಾರ ಆಡುವವರಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಮಳೆಗೆ ಗೆರೆ ಅಳಿಸಿಹೋದರೆ ಮರುದಿನ ಮತ್ತೆ ಗೀಚಿದರಾಯಿತು. ಆಟದ ನಿಯಮ ಆಡುವವರ ತಲೆಯಲ್ಲೇ ಇದೆ. ಇದೇ ಊರುಗಳ ಹುಡುಗರ ಮೊಬೈಲಿಗೆ ಬಂದ ಆಟಗಳ ಸಂಗತಿ ಹಾಗಲ್ಲ. ಅವುಗಳ ಅಂಗಳವಿರುವುದು ಕಂಪನಿಯೊಂದರ ಸರ್ವರ್‌ನಲ್ಲಿ, ಅಂದರೆ ಎಲ್ಲೋ ದೂರದಲ್ಲಿ ಹಗಲಿರುಳು ಉರಿಯುವ ಗಣಕಗಳಲ್ಲಿ. ಅವು ನಿಂತರೆ ಕೈಯಲ್ಲಿ ಉಳಿಯುವುದು ಬರೀ ಚಿತ್ರ.

2018ರಲ್ಲಿ ಬಂದ ಪಬ್‌ಜಿ ಮೊಬೈಲ್ ಇದಕ್ಕೆ ಒಳ್ಳೆಯ ಉದಾಹರಣೆ. ನೂರು ಜನ ಒಂದು ದ್ವೀಪಕ್ಕೆ ಇಳಿದು, ಕೊನೆಗೆ ಉಳಿದವರು ಗೆಲ್ಲುವ ಆಟವಿದು. ನಾಲ್ವರು ತಂಡ ಕಟ್ಟಬಹುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದ ಒಬ್ಬೊಬ್ಬರಂತೆ ಕೂಡಿದರೂ ಯಾರೂ ಬಸ್ಸು ಹಿಡಿಯಬೇಕಿಲ್ಲ, ಆಡುತ್ತಲೇ ಹರಟೆಯನ್ನೂ ಹೊಡೆಯಬಹುದು. ಆಟದ ಮೂಲ ದಕ್ಷಿಣ ಕೊರಿಯಾ. ಆದರೆ ಮೊಬೈಲ್ ಆವೃತ್ತಿಯನ್ನು ಭಾರತದಲ್ಲಿ ನಡೆಸುತ್ತಿದ್ದುದು ಚೀನಾದ ಟೆನ್‌ಸೆಂಟ್. ಗಾಲ್ವಾನ್ ಘರ್ಷಣೆಯ ನಂತರ, 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69-ಎ ಕಲಮಿನಡಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಅವುಗಳಲ್ಲಿ ಇದೂ ಒಂದು. ಅಕ್ಟೋಬರ್ 30ಕ್ಕೆ ಸರ್ವರ್ ನಿಂತಿತು. ಹಲವು ಮನೆಗಳಲ್ಲಿ ತಂದೆತಾಯಂದಿರು ಸಮಾಧಾನದ ಉಸಿರು ಬಿಟ್ಟರು. ಅದು ಸಹಜವೇ, ಆಟದ ಗೀಳು ಸುಳ್ಳಲ್ಲ. ಆದರೆ ವರ್ಷಗಟ್ಟಲೆ ಕೂಡಿಸಿದ ಅಂಕ, ಹಣ ಕೊಟ್ಟು ಕೊಂಡ ವೇಷ, ಮುಖ ನೋಡದೆಯೇ ಆದ ಗೆಳೆತನ ಎಲ್ಲವೂ ಒಂದೇ ದಿನ ಬೀಗದ ಹಿಂದೆ ಸೇರಿದ್ದೂ ಸುಳ್ಳಲ್ಲ.

ಮೂಲ ಕಂಪನಿ ಕ್ರಾಫ್ಟನ್ ಚೀನಾದ ಕಂಪನಿಯನ್ನು ಭಾರತದ ವ್ಯವಹಾರದಿಂದ ಬಿಡಿಸಿತು. 2021ರ ಜುಲೈ 2ರಂದು ಅದೇ ಆಟ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂಬ ಹೆಸರಿನಲ್ಲಿ ಮರಳಿತು. ಹಳೆಯ ಖಾತೆಯನ್ನು ಹೊಸದಕ್ಕೆ ಸಾಗಿಸಲು ಅವಕಾಶವಿತ್ತು. ಆಟಗಾರರನ್ನು ಮರಳಿ ಕರೆತಂದದ್ದು ಬಹುಶಃ ಇದೇ. ರಕ್ತದ ಕೆಂಪು ಹಸಿರಾಯಿತು, 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಬಂತು. ಅಷ್ಟಾದರೂ 2022ರ ಜುಲೈ 28ರಂದು ಆಟ ಮತ್ತೆ ಆ್ಯಪ್ ಅಂಗಡಿಗಳಿಂದ ಮಾಯವಾಯಿತು. ಹತ್ತು ತಿಂಗಳ ನಂತರ, 2023ರ ಮೇ ಕೊನೆಯಲ್ಲಿ, ಮೂರು ತಿಂಗಳ ಪರೀಕ್ಷಾ ಅನುಮತಿಯ ಮೇಲೆ ಎರಡನೆಯ ಸಲ ಜೀವ ಪಡೆಯಿತು.

ಇಲ್ಲಿ ಬೀಗ ಹಾಕಿದ್ದು ಸರ್ಕಾರ. ಹೊರದೇಶಗಳಲ್ಲಿ ಕಂಪನಿಗಳೇ ಬೀಗ ಹಾಕಿ, ಆಟಗಾರರೇ ತೆಗೆದ ಕಥೆಗಳುಂಟು. ಕೊರಿಯಾದ ಎನ್‌ಸಿಸಾಫ್ಟ್ 'ಸಿಟಿ ಆಫ್ ಹೀರೋಸ್' ಆಟವನ್ನು 2012ರ ನವೆಂಬರ್ 30ರಂದು ಮುಚ್ಚಿತು. ಅದರ ಅಭಿಮಾನಿಗಳ ಸಣ್ಣ ಗುಂಪೊಂದು ಗುಟ್ಟಾಗಿ ಅದನ್ನು ನಡೆಸುತ್ತಿದ್ದುದು 2019ರಲ್ಲಿ ಬಯಲಾಯಿತು. ಗುಟ್ಟು ಮುಚ್ಚಿಟ್ಟರೆಂದು ಉಳಿದ ಅಭಿಮಾನಿಗಳಿಗೆ ಸಿಟ್ಟೂ ಬಂತು. ಆಮೇಲೆ 'ಹೋಮ್‌ಕಮಿಂಗ್' ಎಂಬ ತಂಡ ಬಹಿರಂಗವಾಗಿ ಸರ್ವರ್ ತೆರೆದು, ಹೊಸ ಭಾಗಗಳನ್ನೂ ಸೇರಿಸಿತು. 2024ರ ಜನವರಿಯಲ್ಲಿ ಕಂಪನಿಯೇ ಪರವಾನಗಿ ಕೊಟ್ಟಿತು.

'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನ ದಾರಿ ಬೇರೆ. ಅದರ ಹಳೆಯ ರೂಪವನ್ನು ಅಭಿಮಾನಿಗಳು 'ನಾಸ್ಟಾಲ್ರಿಯಸ್' ಎಂಬ ಅನಧಿಕೃತ ಸರ್ವರ್‌ನಲ್ಲಿ ನಡೆಸುತ್ತಿದ್ದರು. ಕಂಪನಿಯ ಕಾನೂನು ನೋಟಿಸಿನಿಂದ 2016ರ ಏಪ್ರಿಲ್‌ನಲ್ಲಿ ಅದು ಮುಚ್ಚಿತು. ಮೂರು ವರ್ಷದ ನಂತರ ಕಂಪನಿ ತಾನೇ ಹಳೆಯ ರೂಪವನ್ನು ಮಾರುಕಟ್ಟೆಗೆ ತಂದಿತು! ಬೇಡಿಕೆ ಇದೆಯೆಂದು ತೋರಿಸಿಕೊಟ್ಟವರು ನೋಟಿಸು ಪಡೆದವರೇ.

ಫ್ರಾನ್ಸಿನ ಯುಬಿಸಾಫ್ಟ್ 2024ರ ಮಾರ್ಚ್ 31ರಂದು 'ದಿ ಕ್ರೂ' ಎಂಬ ಕಾರು ಓಟದ ಆಟವನ್ನು ನಿಲ್ಲಿಸಿದಾಗ, ಕಾಸು ಕೊಟ್ಟು ಕೊಂಡವರು ಕೇಳಿದ್ದು ಸರಳ ಪ್ರಶ್ನೆ: ಕೊಂಡ ವಸ್ತುವನ್ನು ಮಾರಿದವನು ಹೀಗೆ ಹಿಂದಕ್ಕೆ ಪಡೆಯಬಹುದೇ? ಕಂಪನಿ ಕೈಬಿಡುವ ಆಟವನ್ನು ಆಡಲು ಬರುವ ಸ್ಥಿತಿಯಲ್ಲಿ ಬಿಟ್ಟುಹೋಗಬೇಕು ಎಂಬ ಅವರ ಬೇಡಿಕೆಗೆ 2025ರ ಜುಲೈ ವೇಳೆಗೆ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿದ್ದವು.